ಬ್ರೆಡ್ಡಿನ ತಳದ ಸೀಳು

ದಿನಾ ಸಂಜೆ ಆರು ಗಂಟೆಗೆ ಬೀದಿ ತುದಿಯ ಬೇಕರಿಗೆ ಹೋಗಿ ಮನೆಮಂದಿಗೆಲ್ಲ ಸಿಹಿ ಬ್ರೆಡ್ಡು ತರುವುದು ನನ್ನ ಕೆಲಸ. ಮದುವೆಯಾಗಿ ಮೂರು ವರ್ಷವಾದರೂ ಆ ಕೆಲಸ ಬೇರೆಯವರಿಗೆ ಹೋಗಿಲ್ಲ. ಬಾಗಿಲ ಬಳಿ ತಟ್ಟೆ, ಇಕ್ಕಳ ಎತ್ತಿಕೊಂಡು ಕಪಾಟುಗಳ ನಡುವೆ ಸುತ್ತುತ್ತೇನೆ. ಅತ್ತೆ ದೋನ್ಯಾ ಎರ್ಮಿಲಾಗೆ, ದೋನ್ಯಾ ಅಂದರೆ ಅಮ್ಮಾವ್ರು ಅನ್ನುವ ಹಾಗೆ, ಹಂದಿಯ ಆಕಾರದ ಬೆಲ್ಲದ ಬ್ರೆಡ್ಡು. ಭಾವ ಎಫ್ರೆನ್‌ಗೆ ಎರಡು ಕೋಂಚಾ, ಮೇಲೆ ಚಿಪ್ಪಿನಂತೆ ಗೆರೆ ಎಳೆದ ಸಕ್ಕರೆ ಹೊದಿಕೆಯವು. ಒಂದು ಬಿಳಿ, ಒಂದು ಗುಲಾಬಿ ಇರಬೇಕು. ಎರಡೂ ಬಿಳಿಯಾದರೆ ಮುಖ ಸಿಂಡರಿಸುತ್ತಾನೆ. ಅವನ ಹೆಂಡತಿ ಯಾದಿರಾಗೆ ಕಿವಿಯಂಥ ಗರಿಗರಿ ಬ್ರೆಡ್ಡು. ನನ್ನ ಹೆಂಡತಿ ರೊಸಾಲ್ಬಾ ಏನಾದರೂ ಸರಿ ಅನ್ನುತ್ತಾಳೆ, ತಂದದ್ದನ್ನು ಅರ್ಧ ತಿಂದು ಬಿಡುತ್ತಾಳೆ. ನನಗೆ ಸಪ್ಪೆ ಬ್ರೆಡ್ಡು. ಅದನ್ನು ಆರಿಸಿದವನು ನಾನಲ್ಲ. ಮದುವೆಯಾದ ಮೊದಲ ವಾರ ಅತ್ತೆ ಎಲ್ಲರೆದುರು, "ಲೆಯೊಬಾರ್ದೊಗೆ ಸಿಹಿ ಅಷ್ಟಾಗಿ ಸೇರಲ್ಲ" ಅಂದರು. ನನಗೆ ಸೇರುತ್ತಿತ್ತು. ಆದರೆ ಹೊಸದಾಗಿ ಬಂದವನು ಒಂದು ಬ್ರೆಡ್ಡಿಗೆ ಬಾಯಿ ತೆರೆಯುವುದೇ ಎಂದು ಸುಮ್ಮನಿದ್ದೆ. ಆಮೇಲೆ ಸುಮ್ಮನಿರುವುದೇ ರೂಢಿಯಾಯಿತು.

ನಾನು ಮನೆ ಅಳಿಯ. ಹೆಣವೂ ಮನೆಯಲ್ಲಿ ಉಳಿದ ನೆಂಟನೂ ಮೂರನೇ ದಿನಕ್ಕೆ ನಾರುತ್ತಾರೆ ಎಂದು ನಮ್ಮ ಕಡೆ ಗಾದೆಯಿದೆ. ಎಫ್ರೆನ್ ಅದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಾನೆ, ನನ್ನನ್ನು ನೋಡದೆ.

ನಾವಿಬ್ಬರು ಮಲಗುವುದು ಮಾಳಿಗೆಯ ಮೇಲೆ ಕಟ್ಟಿದ ಕೋಣೆಯಲ್ಲಿ. ಪಕ್ಕದಲ್ಲಿ ನೀರಿನ ಟ್ಯಾಂಕು, ಆಚೆ ಬಟ್ಟೆ ಒಣಗಿಸುವ ತಂತಿ. ಬಟ್ಟೆ ಹರವುವ ದಿನ ಅತ್ತೆ ಬೆಳಿಗ್ಗೆ ಆರಕ್ಕೇ ನಮ್ಮ ಬಾಗಿಲು ತಳ್ಳಿ ಕ್ಲಿಪ್ಪಿನ ಡಬ್ಬಿ ತೆಗೆದುಕೊಳ್ಳುತ್ತಾರೆ. ಡಬ್ಬಿ ನಮ್ಮ ಮಂಚದ ಕೆಳಗೇ ಇರಬೇಕೆಂಬುದು ಅವರ ತೀರ್ಮಾನ. ಬಚ್ಚಲಿಗೆ ಹೋಗಬೇಕಾದರೆ ಮೆಟ್ಟಿಲಿಳಿದು ಅವರ ಅಡುಗೆಮನೆ ದಾಟಬೇಕು. ಹಗಲೆಲ್ಲ ಎಫ್ರೆನ್‌ನ ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುತ್ತೇನೆ. ಅಲ್ಲಿಂದ ತಪ್ಪಿಸಿಕೊಂಡರೆ ಬೇಕರಿ.

ನವೆಂಬರಿನಲ್ಲಿ ಹಳೆ ಟೈರಿನ ಲೋಡು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಕೆರೆತಾರೊಗೆ ಹೋದೆ. ನಮ್ಮ ಊರು ಅಪಿಸಾಕೊದಿಂದ ಬಸ್ಸಿನಲ್ಲಿ ಐದು ಗಂಟೆ. ಒಂದು ಗಾಜಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಜನವರಿ ಇಪ್ಪತ್ತೆಂಟಕ್ಕೆ ಹಾಜರಾಗಬೇಕು, ಮೊದಲ ವರ್ಷ ರಜೆ ಕೇಳಬಾರದು. ಬಾಡಿಗೆ ಕೋಣೆಯೊಂದನ್ನೂ ನೋಡಿದೆ. ಅದಕ್ಕೆ ಅದರದೇ ನಲ್ಲಿ, ಅದರದೇ ಬೀಗ. ರೊಸಾಲ್ಬಾಗೆ ಹೇಳಿದಾಗ ಅವಳು ತಂತಿಯಿಂದ ಲಂಗ ತೆಗೆದು ಮಡಿಸುತ್ತಿದ್ದಳು.

"ನಲ್ಲಿ ಒಳಗಿದ್ಯಾ, ಹೊರಗಾ?" ಎಂದು ಕೇಳಿದಳು.

"ಒಳಗೇ ಇದೆ."

"ಸರಿ," ಅಂದಳು.

ಒಪ್ಪಿದಳು ಅಂದುಕೊಂಡೆ. ಹಬ್ಬ ಕೆಡಿಸೋದು ಬೇಡ, ಮೂವರು ರಾಜರ ಹಬ್ಬದ ಮಾರನೇ ದಿನ ಅಮ್ಮನಿಗೆ ಹೇಳೋಣ ಅಂದದ್ದೂ ಅವಳೇ. ಅಂದರೆ ಜನವರಿ ಏಳು. ಅಷ್ಟರೊಳಗೆ ನಾನು ದಾಟಬೇಕಾಗಿದ್ದು ಒಂದೇ ಅಡ್ಡಿ: ಜನವರಿ ಆರರ ಸಂಜೆಯ ರೋಸ್ಕಾ.

ರೋಸ್ಕಾ ಅಂದರೆ ಆ ಒಂದು ಹಬ್ಬಕ್ಕೆ ಮಾಡುವ ಸಿಹಿ ಬ್ರೆಡ್ಡು. ದೊಡ್ಡ ಬಳೆಯ ಹಾಗೆ ದುಂಡಗೆ, ಮೇಲೆ ಸಕ್ಕರೆಯಲ್ಲಿ ಊರಿದ ಹಣ್ಣಿನ ಪಟ್ಟಿಗಳು. ಒಳಗೆ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಮಗುಗೊಂಬೆಗಳು ಹುದುಗಿರುತ್ತವೆ. ತಮ್ಮ ತುಂಡನ್ನು ತಾವೇ ಕುಯ್ದುಕೊಳ್ಳಬೇಕು. ಗೊಂಬೆ ಸಿಕ್ಕವರು ಫೆಬ್ರವರಿ ಎರಡರಂದು ಎಲ್ಲರಿಗೂ ಜೋಳದ ಕಡುಬು, ಅಂದರೆ ತಮಾಲೆ, ಹಾಕಿಸಬೇಕು. ಬೇರೆ ಮನೆಗಳಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ.

ನಮ್ಮ ಮನೆಯಲ್ಲಿ ಮುಗಿಯುವುದಿಲ್ಲ. ಅಲ್ಲಿ ಅತ್ತೆಯ ಅಜ್ಜಿಯ ಕಾಲದ ಬಾಲಯೇಸುವಿನ ಮೂರ್ತಿಯಿದೆ, ಗಾಜಿನ ಕಣ್ಣಿನದು. ಅದಕ್ಕೊಬ್ಬ ಧರ್ಮತಂದೆ, ಒಬ್ಬಳು ಧರ್ಮತಾಯಿ ಬೇಕು. ಅವಧಿ ಮೂರು ವರ್ಷ. ಹಳೆಯವರ ಅವಧಿ ಮುಗಿದ ವರ್ಷ, ರೋಸ್ಕಾದ ಮೊದಲ ಗೊಂಬೆ ಯಾರಿಗೆ ಸಿಗುತ್ತದೋ ಅವರ ಕುತ್ತಿಗೆಗೆ ಅದು ಬೀಳುತ್ತದೆ. ಗಂಡನಿಗೆ ಸಿಕ್ಕರೆ ಹೆಂಡತಿಯೂ ಸೇರಿದಳು, ಹೆಂಡತಿಗೆ ಸಿಕ್ಕರೆ ಗಂಡನೂ. ಪ್ರತಿ ಭಾನುವಾರ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಬೇಕು, ವರ್ಷಕ್ಕೊಂದು ಹೊಸ ಉಡುಪು ಹೊಲಿಸಿ ಚರ್ಚಿಗೆ ಎತ್ತಿಕೊಂಡು ಹೋಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮೂರು ವರ್ಷ ಅವರು ನಮ್ಮ ಚರ್ಚಿನ ಗಂಟೆ ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ ವಾಸವಿರಬೇಕು. ಇದು ಅಜ್ಜಿ ಹಾಕಿದ ಕಟ್ಟಳೆ. ಹಿಂದೆ ಒಬ್ಬ ಚಿಕ್ಕಪ್ಪ ಒಲ್ಲೆ ಅಂದಿದ್ದನಂತೆ. ಅದೇ ವರ್ಷ ಅವನ ಕಾಲು ಟ್ರ್ಯಾಕ್ಟರಿಗೆ ಸಿಕ್ಕಿತಂತೆ. ಆ ಕಾಲಿನ ಕಥೆ ಕೇಳಿಯೇ ರೊಸಾಲ್ಬಾ ಬೆಳೆದದ್ದು. ನಾನು ನಂಬುವುದಿಲ್ಲ. ನಾನು ನಂಬದಿದ್ದರೆ ಏನಾಯಿತು, ಅವಳು ನಂಬುತ್ತಾಳೆ.

ಈ ವರ್ಷ ಹಳೆಯ ಅವಧಿ ಮುಗಿದಿತ್ತು.

ಆರನೇ ತಾರೀಖು ಮಧ್ಯಾಹ್ನ ನಾಲ್ಕಕ್ಕೆ ಬೇಕರಿಗೆ ಹೋದೆ. ಸಾಲು ಔಷಧಿ ಅಂಗಡಿಯವರೆಗೆ ಬೆಳೆದಿತ್ತು. ಜನ ಕಂಬಳಿ ಶಾಲು ಹೊದ್ದು ನಿಂತಿದ್ದರು. ಒಳಗಿನಿಂದ ಬೆಣ್ಣೆ ಮತ್ತು ಕಿತ್ತಳೆ ಸಿಪ್ಪೆಯ ವಾಸನೆ ಬೀದಿಗೆ ಹರಿದು, ನಿಂತವರ ಜಗಳವನ್ನು ಸ್ವಲ್ಪ ಮೆತ್ತಗೆ ಮಾಡಿತ್ತು. ಕಪಾಟಿನಲ್ಲಿ ಅಂದು ಕೋಂಚಾ ಇಲ್ಲ, ಹಂದಿ ಇಲ್ಲ. ಗೋಡೆಯುದ್ದಕ್ಕೂ ದಾರ ಕಟ್ಟಿದ ರೋಸ್ಕಾ ಡಬ್ಬಗಳೇ.

ನನ್ನ ಮುಂದೆ ದೋನ್ಯಾ ಕೇತಾ ನಿಂತಿದ್ದರು. ಎದುರು ಮನೆಯ ವಿಧವೆ, ಕಳೆದ ಮೂರು ವರ್ಷ ನಮ್ಮ ಬಾಲಯೇಸುವಿನ ಧರ್ಮತಾಯಿ.

"ಏನಪ್ಪಾ ಅಳಿಯಂದ್ರೇ, ಇವತ್ತೂ ನಿನ್ನನ್ನೇ ಅಟ್ಟಿದ್ರಾ?"

"ಇನ್ಯಾರನ್ನ ಅಟ್ತಾರೆ."

"ಒಳ್ಳೇದಾಯ್ತು, ಡಬ್ಬ ಹೊರೋಕೆ ಒಬ್ಬ ಸಿಕ್ದ. ಸಂಜೆ ನಿಮ್ಮನೇಗೆ ನಾನೂ ಬರ್ತಿದೀನಿ. ಇವತ್ತು ನನ್ನ ಬಿಡುಗಡೆ." ಮೂರು ಬೆರಳೆತ್ತಿ ತೋರಿಸಿದರು. "ಮೂರು ವರ್ಷ. ವೆರಾಕ್ರೂಸಲ್ಲಿ ನನ್ನ ಮಗಳು ಅಷ್ಟರಲ್ಲಿ ಎರಡು ಹೆತ್ಲು. ಬಾಣಂತನಕ್ಕೆ ಹೋಗ್ತೀನಿ ಅಂದ್ರೆ ನಿಮ್ಮತ್ತೆ ಏನಂದ್ಲು ಗೊತ್ತಾ? ಹೋಗು, ಶನಿವಾರದೊಳಗೆ ವಾಪಸ್ ಬಾ ಅಂದ್ಲು. ವೆರಾಕ್ರೂಸ್ ಏನು ಹಿತ್ತಲಾ?"

"ಬಿಟ್ಟು ಹೋಗ್ಬೋದಿತ್ತಲ್ಲ."

ಅವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಾಲಯೇಸುನ ಬಿಟ್ಟು? ನಿನ್ ತಲೆ ನೆಟ್ಟಗಿದ್ಯಾ? ಟಿಕೆಟ್ ತಗೊಂಡಿದ್ದೆ ಕಣಪ್ಪ. ಬಸ್ ಸ್ಟಾಂಡ್‌ವರೆಗೂ ಹೋಗಿದ್ದೆ. ಕಾಲು ಮೇಲೇಳ್ಲಿಲ್ಲ. ವಾಪಸ್ ಬಂದು ಬತ್ತಿ ಹಚ್ದೆ." ಶಾಲು ಸರಿಪಡಿಸಿಕೊಂಡು, "ಈ ಸಲ ಯಾರ ಕುತ್ತಿಗೆಗೋ," ಎಂದು ಖುಷಿಯಿಂದ ಹೇಳಿದರು.

ನನ್ನ ಜಾಗ ನೋಡಿಕೊಳ್ಳಿ ಎಂದು ಅವರಿಗೆ ಹೇಳಿ ಪಕ್ಕದ ಸಂದಿಯಿಂದ ಒಲೆಮನೆಗೆ ಹೋದೆ. ನಾನು ಬಂದದ್ದೇ ಅದಕ್ಕೆ.

ಗೊಂಬೆಯನ್ನು ಹಿಟ್ಟಿನಲ್ಲಿಟ್ಟು ಬೇಯಿಸಿದರೆ ಪ್ಲಾಸ್ಟಿಕ್ಕು ಕರಗುತ್ತದೆ. ಅದಕ್ಕೆ ರೋಸ್ಕಾ ಆರಿದ ಮೇಲೆ ಮಗುಚಿ, ತಳದಲ್ಲಿ ಚಾಕುವಿನಿಂದ ಸಣ್ಣದಾಗಿ ಸೀಳಿ, ಹೆಬ್ಬೆರಳಿನಿಂದ ಒಳಗೆ ತಳ್ಳುತ್ತಾರೆ. ಗೊಂಬೆ ಎಲ್ಲಿದೆ ಎಂಬುದು ದೇವರಿಗೆ ಗೊತ್ತು ಅನ್ನುತ್ತಾರೆ. ದೇವರಿಗಿಂತ ಮೊದಲು ಬೇಕರಿಯವನಿಗೆ ಗೊತ್ತು.

ದೋನ್ ಮಾಸೆದೋನಿಯೊ ಮೇಜಿನ ಮುಂದೆ ನಿಂತು ಅದೇ ಕೆಲಸ ಮಾಡುತ್ತಿದ್ದರು. ಸೀಳು, ತಳ್ಳು, ಮಗುಚು. ಹುಬ್ಬಿನ ಮೇಲೆ ಹಿಟ್ಟು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ದೋನ್ ಮಾಸೆದೋನಿಯೊ, ನಮ್ಮನೇದು ಆಯ್ತಾ?"

"ಯಾವ ನಿಮ್ಮನೆ?"

"ದೋನ್ಯಾ ಎರ್ಮಿಲಾ ಅವರ ಮನೇದು."

"ಹಂಗಾದ್ರೆ ಅತ್ತೆ ಮನೇದು ಅನ್ನು. ಆಗಿದೆ. ಅಗೋ, ಮೂಲೇಲಿ."

ಹತ್ತಿರ ಹೋಗಿ ದನಿ ತಗ್ಗಿಸಿದೆ. "ಗೊಂಬೆ ಎಲ್ಲೆಲ್ಲಿ ಇಟ್ಟಿದೀರಿ?"

ಅವರು ಚಾಕು ಕೆಳಗಿಟ್ಟರು. "ನಿಮ್ಮನೇಲಿ ಎಲ್ರಿಗೂ ಇದೇ ರೋಗನಾ? ಬೆಳಿಗ್ಗೆ ಪೂಜೆ ಬಿಟ್ಟ ಹೊತ್ತಿಗೇ ಒಬ್ರು ಬಂದು ಜಾಗ ಹೇಳಿ ಹೋದ್ರು."

"ಯಾರು?"

"ಹೇಳಲ್ಲ. ಪಾದ್ರಿ ಹತ್ರ ಪಾಪ ಹೇಳ್ಕೊಂಡಂಗೆ, ನನ್ನತ್ರ ಹೇಳಿದ್ದು ಹೊರಗೆ ಹೋಗಲ್ಲ."

"ಎಲ್ಲಿ ಇಡೋಕೆ ಹೇಳಿದ್ರು?"

ಅವರು ಗಡ್ಡ ಕೆರೆದುಕೊಂಡರು. ಗಡ್ಡಕ್ಕೂ ಹಿಟ್ಟಾಯಿತು. "ಪಾಪಿ ಹೆಸರು ಹೇಳ್ಬಾರ್ದು. ಪಾಪ ಯಾವ್ದು ಅಂತ ಹೇಳ್ಬೋದು ಅನ್ಸತ್ತೆ. ಬಾ ಇಲ್ಲಿ." ಮೂಲೆಯ ಡಬ್ಬ ತೆಗೆದು ತೋರಿಸಿದರು. ಹಣ್ಣಿನ ಪಟ್ಟಿಗಳು ಒಂದು ಕೆಂಪು, ಒಂದು ಹಸಿರು, ಮತ್ತೆ ಕೆಂಪು, ಮತ್ತೆ ಹಸಿರು ಎಂದು ಸುತ್ತಿ ಬಂದಿದ್ದವು. ಒಂದು ಕಡೆ ಮಾತ್ರ ಎರಡು ಹಸಿರು ಒಟ್ಟಿಗೆ. "ಎರಡು ಹಸಿರಿನ ನಡುವೆ ಒಂದು ಖಂಡಿತ ಇರ್ಬೇಕು ಅಂದ್ರು. ಇಟ್ಟಿದೀನಿ. ಗುರುತೂ ನಾನೇ ಮಾಡ್ಕೊಟ್ಟಿದ್ದು."

ಬೆಳಗಿನ ಪೂಜೆಗೆ ಒಂದು ದಿನವೂ ತಪ್ಪದೆ ಹೋಗುವವರು ಅತ್ತೆ. ನಮ್ಮ ಯೋಜನೆ ಅವರಿಗೆ ಗೊತ್ತಾಗಿದೆ, ನನ್ನನ್ನು ಕಟ್ಟಿಹಾಕಲು ಗೊಂಬೆ ಇಡಿಸಿದ್ದಾರೆ ಎಂದು ಅಲ್ಲೇ ತೀರ್ಮಾನಿಸಿದೆ. ಹೇಗೆ ಗೊತ್ತಾಯಿತು ಎಂದು ಯೋಚಿಸಲಿಲ್ಲ. ನನ್ನ ಒಳಚಡ್ಡಿ ಎಷ್ಟು ಹಳೆಯದು ಎಂದು ಗೊತ್ತಿರುವವರಿಗೆ ಇದು ಗೊತ್ತಾಗುವುದು ಏನು ದೊಡ್ಡದು.

"ಅದನ್ನ ತೆಗೆದ್ಬಿಡಿ," ಅಂದೆ.

"ತೆಗೆದ್ರೆ ತೂತು ಉಳಿಯತ್ತೆ. ನಿಮ್ಮತ್ತೆ ಮಗುಚಿ ನೋಡಿದ್ರೆ, ಮಾಸೆದೋನಿಯೊ ಬ್ರೆಡ್ಡು ಇಲಿ ತಿಂದಿದ್ದು ಅಂತ ನಾಳೆ ಊರೆಲ್ಲ ಸಾರ್ತಾಳೆ."

"ಹಂಗಾದ್ರೆ ಏನೂ ಇಲ್ದಿರೋ ಜಾಗ ಒಂದು ತೋರ್ಸಿ."

ಅವರು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗಾಳಿಯಲ್ಲಿ ಮೂರು ಸಲ ಒತ್ತಿ ನೆನಪು ಮಾಡಿಕೊಂಡರು. "ಅಂಜೂರ ನೋಡು, ಒಂದೇ ಒಂದು ಇದೆಯಲ್ಲ. ಅದರ ಎರಡೂ ಕಡೆ ನಾಲ್ಕು ಬೆರಳಷ್ಟು ಖಾಲಿ. ನಮ್ಮಮ್ಮನ ಆಣೆ." ಡಬ್ಬ ಮುಚ್ಚುತ್ತ ಕೇಳಿದರು, "ತಮಾಲೆಗೆ ಇಷ್ಟು ಹೆದರ್ತೀಯಾ?"

"ತಮಾಲೆಗಲ್ಲ."

"ಹಂಗಾದ್ರೆ ಹೊರಟಿದೀಯ ಎಲ್ಲಿಗೋ." ಅವರು ಮತ್ತೆ ಚಾಕು ಎತ್ತಿಕೊಂಡರು. "ನಾನೂ ಹೊರಟಿದ್ದೆ. ನಮ್ಮ ಮಾವ ಒಂದು ವಾರ ಒಲೆ ನೋಡ್ಕೋ, ಬೆನ್ನು ನೋಯ್ತಿದೆ ಅಂದ. ಮೂವತ್ತೊಂದು ವರ್ಷ ಆಯ್ತು. ಅತ್ಲಾಗೆ ಸರಿ, ತಟ್ಟೆಗೆ ಕೈ ತಗಲತ್ತೆ."

ಸಾಲಿನಲ್ಲಿ ದೋನ್ಯಾ ಕೇತಾ ನನ್ನ ಜಾಗ ಬಿಟ್ಟುಕೊಟ್ಟಿರಲಿಲ್ಲ. ಅವರ ಡಬ್ಬ, ನಮ್ಮ ಡಬ್ಬ ಎರಡೂ ಹೊತ್ತು ಮನೆಗೆ ಬಂದೆ.

ಅಡುಗೆಮನೆಯಲ್ಲಿ ರೊಸಾಲ್ಬಾ ಒಬ್ಬಳೇ ಚಾಕಲೇಟು ಹಾಲು ಕಡೆಯುತ್ತಿದ್ದಳು. ಕಡೆಗೋಲನ್ನು ಅಂಗೈಗಳ ನಡುವೆ ತಿರುಗಿಸುತ್ತ ನೊರೆ ನೋಡುತ್ತಿದ್ದಳು.

"ಕೇಳು," ಅಂದೆ. "ಎರಡು ಹಸಿರು ಜೊತೇಲಿರೋ ಕಡೆ ಕುಯ್ಬೇಡ. ಅಲ್ಲಿ ಗೊಂಬೆ ಇದೆ. ಅಂಜೂರದ ಹತ್ರ ಏನೂ ಇಲ್ಲ, ಇಬ್ರೂ ಅಲ್ಲೇ ಕುಯ್ಯೋಣ."

ಕಡೆಗೋಲು ನಿಂತಿತು. "ಯಾರು ಹೇಳಿದ್ದು?"

"ಮಾಸೆದೋನಿಯೊ. ನಿಮ್ಮಮ್ಮ ಬೆಳಿಗ್ಗೇನೇ ಹೋಗಿ ಇಡಿಸಿದಾಳೆ."

"ಅವರೇ ಅಂದ್ರಾ, ಅಮ್ಮ ಅಂತ?"

"ಇನ್ಯಾರು ಹೋಗ್ತಾರೆ?"

ಅವಳು ನನ್ನ ಮುಖ ನೋಡಿದಳು. ಆಮೇಲೆ, "ಆಯ್ತು," ಎಂದು ಮತ್ತೆ ಕಡೆಯತೊಡಗಿದಳು.

ಆರು ಗಂಟೆಗೆ ಎಲ್ಲರೂ ಮೇಜಿನ ಸುತ್ತ ಕುಳಿತರು. ಅತ್ತೆ, ಎಫ್ರೆನ್, ಯಾದಿರಾ, ದೋನ್ಯಾ ಕೇತಾ, ನಾನು. ಬಾಲಯೇಸುವನ್ನು ಗೂಡಿನಿಂದ ತಂದು ಮೇಜಿನ ತುದಿಗೆ ಒಂದು ದಿಂಬಿನ ಮೇಲೆ ಮಲಗಿಸಿದ್ದರು. ನಾನೇ ಡಬ್ಬದ ದಾರ ಬಿಚ್ಚಿದೆ. ರೋಸ್ಕಾ ಮೇಜಿಗಿಡುವಾಗ ಎರಡು ಹಸಿರನ್ನು ಎಫ್ರೆನ್‌ನ ಕಡೆ ತಿರುಗಿಸಿದೆ. ಅಂಜೂರ ನನ್ನ ಕಡೆ ಬಂತು. ಅತ್ತೆ ಅದನ್ನು ನೋಡುತ್ತಾರೇನೋ ಎಂದು ಕಾದೆ. ಅವರು ನೋಡಲಿಲ್ಲ. ಕನ್ನಡಕ ಒರೆಸುತ್ತಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲು ಅತ್ತೆ ಕುಯ್ದರು. ತುಂಡನ್ನು ಮುಳ್ಳು ಚಮಚದಿಂದ ಕೆದಕಿದರು. ಏನೂ ಇರಲಿಲ್ಲ.

"ಅಮ್ಮಂಗೆ ಯಾವತ್ತೂ ಬರಲ್ಲ," ಅಂದ ಎಫ್ರೆನ್. "ಒಳಗೊಳಗೇ ದೇವರ ಜೊತೆ ಒಪ್ಪಂದ ಇದೆ."

"ಬಾಯಿ ಮುಚ್ಕೊಂಡು ಕುಯ್ಯಿ. ತೆಳ್ಳಗೆ ಕುಯ್ಬೇಡ, ಕಳ್ಳ."

ಎಫ್ರೆನ್ ತನ್ನ ಮುಂದಿನ ಹಸಿರು ಬಿಟ್ಟು ಪಕ್ಕದ ಕೆಂಪಿನಲ್ಲಿ ಕುಯ್ದ. ಅವನಿಗೆ ಹಸಿರು ಹಣ್ಣು ಸೇರದು. ಏನೂ ಸಿಗಲಿಲ್ಲ. ಯಾದಿರಾಗೂ ಸಿಗಲಿಲ್ಲ. ದೋನ್ಯಾ ಕೇತಾ, "ನಂದು ಆಗೋಯ್ತಮ್ಮ, ನಂಗೆ ಭಯ ಇಲ್ಲ," ಎಂದು ದಪ್ಪ ತುಂಡು ತೆಗೆದುಕೊಂಡರು. ಅವರಿಗೂ ಸಿಗಲಿಲ್ಲ. ಪ್ರತಿ ತುಂಡಿಗೂ ಅತ್ತೆಯ ಮುಳ್ಳು ಚಮಚದ ತಪಾಸಣೆ ನಡೆಯಿತು.

ಚಾಕು ನನ್ನ ಕೈಗೆ ಬಂತು. ಅಂಜೂರದ ಎರಡೂ ಕಡೆ ಎರಡೆರಡು ಬೆರಳು ಬಿಟ್ಟು ಕುಯ್ದೆ. ಚಾಕು ಎಲ್ಲೂ ತಡೆಯಲಿಲ್ಲ. ಅತ್ತೆಯ ಚಮಚ ಬರುವ ಮೊದಲೇ ದೊಡ್ಡ ತುತ್ತು ಕಚ್ಚಿದೆ. ಮೂರು ವರ್ಷದಿಂದ ಆ ಮೇಜಿನಲ್ಲಿ ಬಾಯ್ತುಂಬ ಸಿಹಿ ತಿಂದಿರಲಿಲ್ಲ. ಬೆಣ್ಣೆ, ಕಿತ್ತಳೆ, ಅಂಜೂರದ ಬೀಜಗಳು. ನಾಲ್ಕನೇ ಸಲ ಅಗಿದಾಗ ಹಲ್ಲಿಗೆ ಪ್ಲಾಸ್ಟಿಕ್ಕು ತಗಲಿತು.

ದೋನ್ ಮಾಸೆದೋನಿಯೊ ಅಂದು ಬೆಳಗಿನಿಂದ ನಾಲ್ಕು ನೂರು ರೋಸ್ಕಾಗಳಿಗೆ ಹೆಬ್ಬೆರಳು ಒತ್ತಿದ್ದರು. ಯಾವ ರೋಸ್ಕಾದ ಯಾವ ಅಂಜೂರ ಎಂದು ಅವರಿಗೆ ಹೇಗೆ ನೆನಪಿರುತ್ತದೆ. ಅಮ್ಮನ ಆಣೆ ಹಾಕಿದ್ದು ಗ್ರಾಹಕನನ್ನು ಸಾಗಹಾಕಲು ಮಾತ್ರ.

ನಾಲಿಗೆಯಿಂದ ಗೊಂಬೆಯನ್ನು ಎಡಗೆನ್ನೆಗೆ ತಳ್ಳಿ, ಬ್ರೆಡ್ಡನ್ನು ಮಾತ್ರ ನುಂಗಿದೆ. ಇದು ಹೊಸ ವಿದ್ಯೆಯಲ್ಲ. ತಮಾಲೆ ತಪ್ಪಿಸಿಕೊಳ್ಳಲು ಈ ಊರಿನ ಅರ್ಧ ಗಂಡಸರು ಇದನ್ನು ಮಾಡಿದ್ದಾರೆ. ಅತ್ತೆ ನನ್ನ ಉಳಿದ ತುಂಡನ್ನು ಕೆದಕಿದರು. ಏನೂ ಇರಲಿಲ್ಲ.

"ಏನು ಭಾವ, ಅಷ್ಟು ದೊಡ್ಡ ತುತ್ತು," ಅಂದ ಎಫ್ರೆನ್. "ಸಿಹಿ ಸೇರಲ್ಲ ಅಂತಿದ್ರು."

ನಾನು ಮುಗುಳ್ನಕ್ಕೆ. ಮಾತಾಡಿದರೆ ಗೊಂಬೆ ಹಲ್ಲಿಗೆ ಬಡಿದು ಸದ್ದಾಗುತ್ತಿತ್ತು.

ಅಷ್ಟರಲ್ಲಿ ರೊಸಾಲ್ಬಾ ಚಾಕಲೇಟಿನ ಹೂಜಿ ಹಿಡಿದು ಬಂದಳು. ಅವಳ ಕುರ್ಚಿ ನನ್ನ ಪಕ್ಕದಲ್ಲಿತ್ತು, ಅಂಜೂರದ ಪಕ್ಕ ಉಳಿದ ಭಾಗ ಅವಳ ತಟ್ಟೆಯ ಎದುರಿಗೇ ಇತ್ತು. ಅವಳು ಕೂರಲಿಲ್ಲ. ಮೇಜು ಸುತ್ತಿ ಎಫ್ರೆನ್‌ನ ಕುರ್ಚಿಯ ಹಿಂದೆ ಹೋಗಿ ನಿಂತಳು. ಹೂಜಿ ಕೆಳಗಿಟ್ಟಳು. ಅವನ ಭುಜದ ಮೇಲಿಂದ ಬಗ್ಗಿ ಚಾಕು ತೆಗೆದುಕೊಂಡು, ಎರಡು ಹಸಿರಿನ ಒಂದೊಂದು ಬದಿಗೆ ಒಂದೊಂದು ಸಲ ಕುಯ್ದಳು. ಆತುರವಿರಲಿಲ್ಲ. ನನ್ನನ್ನು ನೋಡಲೂ ಇಲ್ಲ. ತುಂಡನ್ನು ತಾನೇ ಮುರಿದಳು. ಬಿಳಿ ಗೊಂಬೆಯ ತಲೆ ಹೊರಗೆ ಬಂತು.

ಯಾದಿರಾ ಚಪ್ಪಾಳೆ ತಟ್ಟಿದಳು. ದೋನ್ಯಾ ಕೇತಾ ಶಿಲುಬೆಯ ಗುರುತು ಹಾಕಿಕೊಂಡು ಇನ್ನೊಂದು ತುಂಡಿಗೆ ಕೈ ಹಾಕಿದರು. ಅತ್ತೆ ಎದ್ದು ಮಗಳ ಹಣೆಗೆ ಮುತ್ತಿಟ್ಟರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಬರೀ ಆಶ್ಚರ್ಯ. ಬೆಳಿಗ್ಗೆ ಬೇಕರಿಗೆ ಹೋದವರು ಅವರಲ್ಲ. ಆ ಮುಖ ನೋಡಿದ ಮೇಲೆ ನನಗೆ ಇನ್ನಾರ ಹೇಳಿಕೆಯೂ ಬೇಕಾಗಲಿಲ್ಲ.

"ಮನೇಲೇ ಉಳೀತು," ಅಂದರು ಅತ್ತೆ. "ಹೊರಗಿನವರಿಗೆ ಹೋಗ್ಲಿಲ್ಲ. ಅಳಿಯಂದ್ರೇ, ಒಪ್ಗೆ ತಾನೇ? ಧರ್ಮತಂದೆ ಆಗೋನು ಬಾಯ್ಬಿಟ್ಟು ಹೇಳ್ಬೇಕು."

ಐದು ಜೋಡಿ ಕಣ್ಣು ನನ್ನ ಮೇಲಿತ್ತು. ಗೊಂಬೆಯ ಕಾಲು ವಸಡಿಗೆ ಚುಚ್ಚುತ್ತಿತ್ತು. ಒಲ್ಲೆ ಅನ್ನಬೇಕಾದರೆ ಬಾಯಿ ತೆರೆಯಬೇಕು. ಬಾಯಿ ತೆರೆದರೆ ಗೊಂಬೆ ಕಾಣುತ್ತದೆ. ಕಂಡರೆ ಮೊದಲ ಗೊಂಬೆ ನನಗೇ ಸಿಕ್ಕಿದ್ದು ಎಂದಾಗುತ್ತದೆ. ಆಗಲೂ ಧರ್ಮತಂದೆ ನಾನೇ, ಜೊತೆಗೆ ಬಾಲಯೇಸುವಿಗೇ ಮೋಸ ಮಾಡಿದವನು ಎಂಬ ಹೆಸರು ಬೇರೆ. ಯಾವ ಕಡೆಯಿಂದ ನೋಡಿದರೂ ದಾರಿ ಅದೇ ದಿಂಬಿನ ಹತ್ತಿರ ಬಂದು ನಿಲ್ಲುತ್ತಿತ್ತು.

"ಸಂತೋಷಕ್ಕೆ ಬಾಯೇ ಬರ್ತಿಲ್ಲ ಪಾಪ," ಅಂದ ಎಫ್ರೆನ್.

ತಲೆ ಆಡಿಸಿದೆ.

"ಅಷ್ಟು ಸಾಕು," ಅಂದರು ಅತ್ತೆ. "ನಮ್ಮನೆಯೋರೂ ಹಿಂಗೇ ಇದ್ರು, ಮಾತು ಕಮ್ಮಿ."

ನೀರು ತರುವ ನೆಪ ಮಾಡಿ ಅಡುಗೆಮನೆಗೆ ಹೋಗಿ ತೊಟ್ಟಿಗೆ ಗೊಂಬೆ ಉಗಿದೆ. ಜೊತೆಗೆ ಸ್ವಲ್ಪ ರಕ್ತವೂ ಬಂತು. ಹಿಂದೆಯೇ ರೊಸಾಲ್ಬಾ ಖಾಲಿ ಹೂಜಿ ಹಿಡಿದು ಬಂದಳು. ತೊಟ್ಟಿಯಲ್ಲಿದ್ದುದನ್ನು ನೋಡಿದಳು.

"ನಿಂಗೂ ಸಿಕ್ತಾ?"

"ಅಂಜೂರದ ಹತ್ರ."

ಅವಳಿಗೆ ನಗು ಬಂತು. ತಡೆದುಕೊಳ್ಳಲು ಹೋಗಿ ಮೂಗಿನಿಂದ ಸದ್ದು ಬಂತು. ನಾನು ನಗಲಿಲ್ಲ.

"ಬೆಳಿಗ್ಗೆ ಬೇಕರಿಗೆ ಹೋಗಿದ್ದು ನೀನು."

"ಹೂಂ. ಅಮ್ಮ ಪೂಜೆ ಮುಗಿದ್ಮೇಲೆ ಪಾದ್ರಿ ಹತ್ರ ಮಾತಾಡ್ತಿದ್ಲು. ಆಗ ಹೋದೆ."

"ಕೆರೆತಾರೊಗೆ ಸರಿ ಅಂದಿದ್ದೆ ನೀನು."

"ನೀನು ನಲ್ಲಿ ಒಳಗಿದೆ ಅಂದೆ, ನಾನು ಸರಿ ಅಂದೆ. ಬರ್ತೀನಿ ಅಂದ್ನಾ?"

ನಾನು ಅವತ್ತಿನ ಮಾತು ನೆನಪು ಮಾಡಿಕೊಂಡೆ. ಅವಳು ಅಂದಿರಲಿಲ್ಲ.

"ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಅಮ್ಮಂಗೆ ಹೇಳ್ಬೇಕು ಅಂತ ಮೆಟ್ಲು ಇಳೀತೀನಿ," ಅಂದಳು. "ಕಾಫಿ ಕಾಸಿ ಕೊಟ್ಟು ವಾಪಸ್ ಹತ್ತುತೀನಿ. ಅವಳಿಗೆ ಹೋಗ್ತೀನಿ ಅನ್ನೋಕೆ ಬಾಯಿ ಬರಲ್ಲ. ನಿಂಗೆ ಬರಲ್ಲ ಅನ್ನೋಕೂ ಬಾಯಿ ಬರಲ್ಲ. ಗೊಂಬೇನೇ ಹೇಳ್ಲಿ ಅಂದ್ಕೊಂಡೆ."

"ಗೊಂಬೆ ಎಲ್ಲಿ ಹೇಳ್ತು? ನೀನೇ ಇಡಿಸಿ ನೀನೇ ಕುಯ್ದೆ."

"ಹೂಂ," ಅಂದಳು. "ನಾನೇ."

ಅವಳು ಅತ್ತಿದ್ದರೆ ನನಗೆ ಬಯ್ಯಲು ಸುಲಭವಾಗುತ್ತಿತ್ತು. ಅವಳು ಹೂಜಿ ತೊಳೆಯುತ್ತಿದ್ದಳು. ತಳದಲ್ಲಿ ಅಂಟಿದ್ದ ಚಾಕಲೇಟನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನಾನೊಬ್ನೇ ಹೋಗ್ತೀನಿ," ಅಂದೆ.

"ಹೋಗು." ಸಿಟ್ಟಿನಿಂದ ಹೇಳಿದ್ದಲ್ಲ. "ಇಪ್ಪತ್ತೆಂಟಕ್ಕಲ್ವಾ. ಬಟ್ಟೆ ಒಗೆದು ಮಡಿಸಿ ಕೊಡ್ತೀನಿ. ಅಮ್ಮ ಕೂಗಾಡ್ತಾಳೆ, ನಾನು ನೋಡ್ಕೋತೀನಿ. ಬತ್ತಿ ನಾನೊಬ್ಳೇ ಹಚ್ತೀನಿ."

"ಟ್ರ್ಯಾಕ್ಟರ್ ಕಥೆ?"

"ಅಲ್ಲಿ ಟ್ರ್ಯಾಕ್ಟರ್ ಇರಲ್ವಲ್ಲ, ಗಾಜಿನ ಕಾರ್ಖಾನೇಲಿ."

ಅವಳು ಬೇಡ ಅನ್ನುತ್ತಾಳೆಂದು ಕಾದೆ. ಬೇಡ ಅಂದಿದ್ದರೆ ಜಗಳವಾಡಿ, ಜಗಳದ ಬಿಸಿಯಲ್ಲಿ ಹೊರಡಬಹುದಿತ್ತು. ಅವಳು ಕೈ ಒರೆಸಿಕೊಂಡು ಹೂಜಿಯನ್ನು ಕವುಚಿಟ್ಟಳು. ಅಡುಗೆಮನೆಯಿಂದ ಬೀದಿಗೆ ಒಂದು ಬಾಗಿಲಿದೆ. ಬಸ್ ನಿಲ್ದಾಣಕ್ಕೆ ನಡೆದರೆ ಹತ್ತು ನಿಮಿಷ. ಮೂರು ವರ್ಷದಲ್ಲಿ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಹೋಗು ಅಂದಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಇಪ್ಪತ್ತೆಂಟಕ್ಕೆ ಇನ್ನೂ ಇಪ್ಪತ್ತೆರಡು ದಿನ ಇದೆ ಎಂದು ಎಣಿಸಿದೆ. ಎಣಿಸಿದಾಗ ಮನಸ್ಸಿಗೆ ಸಮಾಧಾನವಾಯಿತು. ಆ ಸಮಾಧಾನದ ಮೇಲೇ ನನಗೆ ಹೇಸಿಗೆಯಾಯಿತು.

"ಧರ್ಮತಂದೆ ಎಲ್ಲಿ ಹೋದ?" ಅತ್ತೆ ಒಳಗಿನಿಂದ ಕೂಗಿದರು. "ಹೊಲಿಗೆ ಮಿಷನ್ ಡ್ರಾಯರಲ್ಲಿ ಟೇಪಿದೆ, ತಗೊಂಡ್ ಬಾ. ಉಡುಪಿಗೆ ಅಳತೆ ಇವತ್ತೇ ಆಗ್ಬೇಕು. ನಾಳೆ ಆದ್ರೆ ದರ್ಜಿ ಹತ್ರ ಸಾಲು."

ರೊಸಾಲ್ಬಾ ನನ್ನ ಕಡೆ ನೋಡಿದಳು, ಏನು ಮಾಡುತ್ತೀಯ ಎಂಬಂತೆ. ನಾನು ಮೂಲೆಯ ಮಿಷನ್ನಿನ ಡ್ರಾಯರು ಎಳೆದೆ.

ಮೇಜಿನ ಮೇಲಿನ ಚೂರುಗಳನ್ನು ಸರಿಸಿ ಬಾಲಯೇಸುವನ್ನು ನಡುವೆ ಮಲಗಿಸಿದ್ದರು. ಹಳೆಯ ಉಡುಪು ಬಿಚ್ಚಿಯಾಗಿತ್ತು. ಮರದ ಮೈ ಅಲ್ಲಲ್ಲಿ ಬಣ್ಣ ಬಿಟ್ಟಿತ್ತು, ಹೊಟ್ಟೆಯ ಮೇಲೆ ಸಣ್ಣ ಬಿರುಕು. ನೆತ್ತಿಯಿಂದ ಹಿಮ್ಮಡಿಯವರೆಗೆ ಟೇಪು ಹಿಡಿದೆ.

"ಮೂವತ್ನಾಲ್ಕು ಸೆಂಟಿಮೀಟರು," ಅಂದೆ.

ರೊಸಾಲ್ಬಾ ಬೇಕರಿ ಡಬ್ಬದ ಮುಚ್ಚಳದ ಮೇಲೆ ಬರೆದುಕೊಂಡಳು.

"ತೋಳು ಸರಿಯಾಗಿ ಅಳಿ," ಅಂದರು ಅತ್ತೆ. "ಹೋದ್ಸಲ ಕೇತಾ ಅಳೆದು ತೋಳು ಗಿಡ್ಡ ಆಗಿತ್ತು."

"ಅದು ದರ್ಜಿ ತಪ್ಪು," ಅಂದರು ದೋನ್ಯಾ ಕೇತಾ, ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು. ಶಾಲು ಹೊದ್ದು ಹೊರಡಲು ಸಿದ್ಧರಾಗಿದ್ದರು.

ಎಡತೋಳು ಹನ್ನೊಂದು. ಬಲತೋಳನ್ನು ಆಶೀರ್ವಾದಕ್ಕೆ ಎತ್ತಿ ಕೆತ್ತಿದ್ದರಿಂದ ಟೇಪನ್ನು ಮೊಣಕೈಯ ಹತ್ತಿರ ಬಾಗಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಾಯಿತು. ಅಂಕಿಯನ್ನು ಮೆಲ್ಲಗೆ ಹೇಳಿದೆ.

"ಕೇಳಿಸ್ಲಿಲ್ಲ," ಅಂದರು ಅತ್ತೆ.

"ಹನ್ನೊಂದೂವರೆ," ಅಂದೆ, ಜೋರಾಗಿ.